ಗುರುವಿನ ಕೈಗೂ ಮಣ್ಣು ತಾಗಲಿ

ಪ್ರತಿವರ್ಷ ಮುಂಗಾರಿನ ಮೊದಲ ಮಳೆ ಬಿದ್ದೊಡನೆ ನಮ್ಮ ನಾಡಿನ ಶಾಲೆಗಳ ಅಂಗಳದಲ್ಲಿ ಹೊಸ ಉತ್ಸಾಹವೊಂದು ಮೂಡುತ್ತದೆ. ಜೂನ್ 5ರ ವಿಶ್ವ ಪರಿಸರ ದಿನದಂದು ಮಕ್ಕಳ ಕೈಗೆ ಸಸಿಗಳನ್ನಿತ್ತು ನೆಡಿಸುತ್ತಾರೆ. ಅಡುಗೆಕೋಣೆಯ ಹಿಂಬದಿಯಲ್ಲಿ ನಾಲ್ಕಾರು ಮಡಿಗಳನ್ನು ಮಾಡಿ ಮೆಂತ್ಯ, ಹರಿವೆಗಳ ಬೀಜ ಚೆಲ್ಲುತ್ತಾರೆ. ಗಣೇಶ ಚೌತಿಯ ಹೊತ್ತಿಗೆ ಅಂಗಳ ಹಸಿರಾಗಿ ಕಂಗೊಳಿಸುತ್ತದೆ. ದೀಪಾವಳಿ ಕಳೆದು ಚಳಿ ಬೀಳುವಾಗ ಬೆಳೆಯನ್ನು ಕಳೆ ನುಂಗಿರುತ್ತದೆ. ಮಹಾಶಿವರಾತ್ರಿಯ ವೇಳೆಗೆ ಅಲ್ಲಿ ಉಳಿಯುವುದು ಒಣಗಿದ ಕಡ್ಡಿಗಳೂ ಮುರಿದ ಬೇಲಿಯೂ ಮಾತ್ರ. ಮರುವರ್ಷ ಮತ್ತೆ ಮಳೆ, ಮತ್ತೆ ಸಸಿ, ಮತ್ತೆ ಅದೇ ಕಥೆ.

ಇದಕ್ಕೆ ಕಾರಣವೇನೆಂದು ಕೇಳಿದರೆ ನೀರಿಲ್ಲ, ಹಣವಿಲ್ಲ, ಬೇಲಿಯಿಲ್ಲ, ದನಕರುಗಳ ಕಾಟ ಎಂಬ ಉತ್ತರಗಳು ಬರುತ್ತವೆ. ಇವುಗಳಲ್ಲಿ ಸತ್ಯವಿಲ್ಲದಿಲ್ಲ. ಆದರೆ ಒಂದೇ ಊರಿನಲ್ಲಿ, ಒಂದೇ ಬಗೆಯ ನೆಲದಲ್ಲಿ, ಅಷ್ಟೇ ನೀರಿರುವ ಎರಡು ಶಾಲೆಗಳ ಪೈಕಿ ಒಂದರಲ್ಲಿ ಕೈತೋಟ ಹಸಿರಾಗಿದ್ದು ಇನ್ನೊಂದರಲ್ಲಿ ಒಣಗಿರುವುದನ್ನು ಅನೇಕರು ಕಂಡಿರಬಹುದು. ಆ ಹಸಿರು ಶಾಲೆಯಲ್ಲಿ ವಿಚಾರಿಸಿದರೆ, ಮಣ್ಣಿನ ಪರಿಚಯವುಳ್ಳ ಒಬ್ಬ ಶಿಕ್ಷಕರೋ ಶಿಕ್ಷಕಿಯೋ ಇದ್ದಾರೆಂಬುದು ಬಹುಮಟ್ಟಿಗೆ ತಿಳಿದುಬರುತ್ತದೆ. ಅವರಿಗೆ ವರ್ಗವಾದರೆ ತೋಟವೂ ಅವರೊಡನೆಯೇ ಹೊರಟುಹೋಗುತ್ತದೆ. ಆದಕಾರಣ ಶಾಲೆಯ ಕೈತೋಟದ ಪ್ರಶ್ನೆ ಬೀಜಕ್ಕಿಂತ ಮೊದಲು ಶಿಕ್ಷಕರ ಪ್ರಶ್ನೆಯಾಗಿದೆ. ಶಿಕ್ಷಕರಿಗೆ ಈ ವಿದ್ಯೆಯನ್ನು ಎಲ್ಲಿ ಕಲಿಸಬೇಕು, ಹೇಗೆ ಕಲಿಸಬೇಕು ಎಂಬುದೇ ಈ ತಿಂಗಳ ನಮ್ಮ ಚಿಂತನೆಯ ವಿಷಯ.

ನಮ್ಮ ಶಿಕ್ಷಕರು ಮನೋವಿಜ್ಞಾನವನ್ನು ಓದಿದ್ದಾರೆ, ಬೋಧನಾಕ್ರಮಗಳನ್ನು ಅರಿತಿದ್ದಾರೆ, ಪಾಠಯೋಜನೆ ಬರೆಯಬಲ್ಲರು. ಆದರೆ ಅವರಲ್ಲಿ ಹಲವರಿಗೆ ಗುದ್ದಲಿ ಹಿಡಿದು ಒಂದು ಮಡಿ ಮಾಡಿದ ಅನುಭವವಿಲ್ಲ. ಇದು ಅವರ ದೋಷವಲ್ಲ. ಕಲಿಸಬೇಕಾದವರು ಕಲಿಸಲಿಲ್ಲ. ಕಲಿಸಲು ಹೊರಟಾಗಲೂ ಸಭಾಂಗಣದಲ್ಲಿ ಕೂರಿಸಿ, ಪರದೆಯ ಮೇಲೆ ಚಿತ್ರಗಳನ್ನು ತೋರಿಸಿ, ಕೈಪಿಡಿಯೊಂದನ್ನು ಕೊಟ್ಟು ಕಳುಹಿಸಿದ್ದುಂಟು. ದಡದ ಮೇಲೆ ನಿಂತು ಈಜು ಕಲಿತವರುಂಟೆ? ಕೃಷಿಯೂ ಹಾಗೆಯೇ. ಅದನ್ನು ಹೊಲದಲ್ಲಿ, ತೋಟದಲ್ಲಿ, ಕೈಯಾರೆ ಮಾಡಿಯೇ ಕಲಿಯಬೇಕು.

ಈ ಮಾತು ಇಂದು ಹೊಸದಾಗಿ ಹುಟ್ಟಿದ್ದೇನೂ ಅಲ್ಲ. ಅಮೆರಿಕೆಯ ಅಲಬಾಮಾ ಪ್ರಾಂತದ ಟಸ್ಕೀಗಿಯಲ್ಲಿ 1881ರಲ್ಲಿ ಬೂಕರ್ ಟಿ. ವಾಷಿಂಗ್ಟನ್ ಅವರ ನೇತೃತ್ವದಲ್ಲಿ ಕರಿಯ ಜನಾಂಗದ ಶಿಕ್ಷಕರನ್ನು ತಯಾರು ಮಾಡುವ ಶಾಲೆಯೊಂದು ಆರಂಭವಾಯಿತು. ಗುಲಾಮಗಿರಿಯಿಂದ ಆಗಷ್ಟೇ ಬಿಡುಗಡೆ ಹೊಂದಿದ ಜನರ ಮಕ್ಕಳು ಅಲ್ಲಿ ಅಕ್ಷರದೊಡನೆ ಇಟ್ಟಿಗೆ ಸುಡುವುದನ್ನೂ ನೆಲ ಉಳುವುದನ್ನೂ ಕಲಿತರು. 1896ರಲ್ಲಿ ಆ ಸಂಸ್ಥೆಯನ್ನು ಸೇರಿದ ಕೃಷಿವಿಜ್ಞಾನಿ ಜಾರ್ಜ್ ವಾಷಿಂಗ್ಟನ್ ಕಾರ್ವರ್ ತಾವೂ ಗುಲಾಮ ತಾಯಿಯ ಮಗನಾಗಿ ಜನಿಸಿದವರು. ಗ್ರಾಮೀಣ ಶಾಲೆಗಳಲ್ಲಿ ನಿಸರ್ಗದ ಪಾಠ ಮತ್ತು ತೋಟಗಾರಿಕೆಯನ್ನು ಹೇಗೆ ನಡೆಸಬೇಕೆಂಬುದನ್ನು ಕುರಿತು ಅವರು 1910ರಲ್ಲಿ ಶಿಕ್ಷಕರಿಗಾಗಿಯೇ ಒಂದು ಪುಸ್ತಿಕೆಯನ್ನು ಬರೆದರು. ಅದಕ್ಕೂ ಮೊದಲೇ, 1906ರಲ್ಲಿ, ಶಾಲೆಗೆ ಬರಲಾಗದ ರೈತರ ಬಳಿಗೆ ಉಪಕರಣಗಳನ್ನೂ ಬೀಜಗಳನ್ನೂ ಕೊಂಡೊಯ್ಯುವ ಗಾಡಿಯೊಂದು ಟಸ್ಕೀಗಿಯಿಂದ ಹೊರಟಿತ್ತು. ಕಣ್ಣಿಗೆ ಕಾಣಿಸಿ, ಕೈಯಿಂದ ಮಾಡಿಸಿ ಕಲಿಸುವುದು ಅವರ ಪದ್ಧತಿಯಾಗಿತ್ತು.

ನಮ್ಮ ದೇಶದಲ್ಲಿ ಗುರುದೇವ ರವೀಂದ್ರನಾಥ ಠಾಕೂರರು 1922ರಲ್ಲಿ ಶಾಂತಿನಿಕೇತನದ ಸಮೀಪದ ಸುರುಲ್ ಗ್ರಾಮದಲ್ಲಿ ಗ್ರಾಮ ಪುನರ್ನಿರ್ಮಾಣದ ಕೇಂದ್ರವನ್ನು ತೆರೆದರು. ಅದೇ ಮುಂದೆ ಶ್ರೀನಿಕೇತನವೆಂದು ಪ್ರಸಿದ್ಧವಾಯಿತು. ಕೃಷಿಶಾಸ್ತ್ರವನ್ನು ಅಭ್ಯಾಸ ಮಾಡಿದ್ದ ಲೆನಾರ್ಡ್ ಎಲ್ಮ್‌ಹರ್ಸ್ಟ್ ಎಂಬ ಆಂಗ್ಲ ತರುಣ ಅದರ ಮೊದಲ ಹೊಣೆಗಾರರಾಗಿದ್ದರು. 1924ರಲ್ಲಿ ಹಳ್ಳಿಯ ಬಡಮಕ್ಕಳಿಗಾಗಿ ಶಿಕ್ಷಾಸತ್ರವೆಂಬ ಶಾಲೆಯೂ ಆರಂಭವಾಗಿ, ಅಲ್ಲಿ ತೋಟದ ಕೆಲಸ ಮತ್ತು ಕೈಕಸುಬು ಪಾಠದ ಅಂಗಗಳಾದವು. ಮುಂದೆ 1937ರ ಅಕ್ಟೋಬರ್ 22 ಮತ್ತು 23ರಂದು ವರ್ಧಾದಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ನಡೆದ ಶಿಕ್ಷಣ ಸಮ್ಮೇಳನವು ಮೂಲಶಿಕ್ಷಣದ ವಿಚಾರವನ್ನು ದೇಶದ ಮುಂದಿಟ್ಟಿತು. ಡಾ. ಜಾಕಿರ್ ಹುಸೇನರ ಸಮಿತಿ ಸಿದ್ಧಪಡಿಸಿದ ವರದಿಯಲ್ಲಿ ನೂಲುವುದು, ನೇಯುವುದರೊಡನೆ ಕೃಷಿಗೂ ಹಣ್ಣು ತರಕಾರಿಗಳ ತೋಟಗಾರಿಕೆಗೂ ಸ್ಥಾನ ದೊರೆಯಿತು. ಗಮನಿಸಬೇಕಾದ ಸಂಗತಿಯೆಂದರೆ, ಆ ವರದಿ ಶಿಕ್ಷಕರ ತರಬೇತಿಗೆ ಪ್ರತ್ಯೇಕವಾದ ಭಾಗವನ್ನೇ ಮೀಸಲಿಟ್ಟಿತು. ಕೈಕೆಲಸ ಬಲ್ಲ ಶಿಕ್ಷಕನಿಲ್ಲದೆ ಕೈಕೆಲಸದ ಶಿಕ್ಷಣ ನಡೆಯದೆಂಬುದು ಆ ಹಿರಿಯರಿಗೆ ಸ್ಪಷ್ಟವಾಗಿತ್ತು. ಮೂಲಶಿಕ್ಷಣದ ಪ್ರಯೋಗವು ಸ್ವಾತಂತ್ರ್ಯಾನಂತರ ಹಲವೆಡೆ ಸೊರಗಿಹೋದುದಕ್ಕೆ ಕಾರಣಗಳು ಹಲವು. ತಕಲಿಯೂ ಗುದ್ದಲಿಯೂ ಶಾಲೆಗೆ ಬಂದರೂ ಅವನ್ನು ಪಾಠವನ್ನಾಗಿ ಮಾಡಬಲ್ಲ ಗುರುಗಳು ಸಾಕಷ್ಟು ಬರಲಿಲ್ಲವೆಂಬುದು ಅವುಗಳಲ್ಲೊಂದು.

ಇಂದಿನ ಸ್ಥಿತಿಯನ್ನು ನೋಡೋಣ. 2001ರ ನವೆಂಬರ್ 28ರಂದು ಸರ್ವೋಚ್ಚ ನ್ಯಾಯಾಲಯವು ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳ ಮಕ್ಕಳಿಗೆ ಬಿಸಿಯೂಟ ಕೊಡಬೇಕೆಂದು ಆಜ್ಞಾಪಿಸಿತು. ಕರ್ನಾಟಕದಲ್ಲಿ 2002ರಲ್ಲಿ ಈಶಾನ್ಯ ಭಾಗದ ಜಿಲ್ಲೆಗಳಿಂದ ಮೊದಲ್ಗೊಂಡು ಈ ಯೋಜನೆ 'ಅಕ್ಷರ ದಾಸೋಹ' ಎಂಬ ಅರ್ಥಪೂರ್ಣ ಹೆಸರಿನಲ್ಲಿ ನಡೆದುಬಂದಿದೆ. 2019ರಲ್ಲಿ ಕೇಂದ್ರ ಸರ್ಕಾರವು ಶಾಲೆಗಳಲ್ಲಿ ಪೌಷ್ಟಿಕ ಕೈತೋಟಗಳನ್ನು ಬೆಳೆಸುವ ಬಗ್ಗೆ ಮಾರ್ಗಸೂಚಿಯನ್ನೂ ಹೊರಡಿಸಿತು. ಕಲಿಸುವ ತಾಣಗಳೂ ಇವೆ. 1974ರಲ್ಲಿ ಪುದುಚೇರಿಯಲ್ಲಿ ದೇಶದ ಮೊದಲ ಕೃಷಿ ವಿಜ್ಞಾನ ಕೇಂದ್ರ ಆರಂಭವಾದ ಬಳಿಕ ಅಂಥ ಕೇಂದ್ರಗಳು ದೇಶದಾದ್ಯಂತ ಹಬ್ಬಿದವು. ನಂಜನಗೂಡು ತಾಲ್ಲೂಕಿನ ಸುತ್ತೂರಿನಲ್ಲಿ ಜೆ.ಎಸ್.ಎಸ್. ಸಂಸ್ಥೆಯದೂ ಬೆಳಗಾವಿ ಜಿಲ್ಲೆಯ ಮತ್ತಿಕೊಪ್ಪದಲ್ಲಿ ಕೆ.ಎಲ್.ಇ. ಸಂಸ್ಥೆಯದೂ ಇಂಥ ಕೇಂದ್ರಗಳಿರುವುದು ನಮ್ಮ ವಾಚಕರಲ್ಲಿ ಅನೇಕರಿಗೆ ತಿಳಿದ ವಿಷಯ. ಪ್ರಾತ್ಯಕ್ಷಿಕೆಯ ಮೂಲಕ ಕಲಿಸುವುದೇ ಇವುಗಳ ಉದ್ದೇಶ. ಇವಲ್ಲದೆ, ಯಾವ ಫಲಕವನ್ನೂ ಹಾಕಿಕೊಳ್ಳದ ಅನುಭವಿ ರೈತರ ತೋಟಗಳು ಪ್ರತಿ ಹೋಬಳಿಯಲ್ಲಿಯೂ ಇವೆ.

ಧಾರವಾಡ ಸೀಮೆಯ ಅಂಥ ಒಬ್ಬ ಹಿರಿಯ ರೈತರ ತೋಟದಲ್ಲಿ ಸುತ್ತಲಿನ ಹಳ್ಳಿಗಳ ಶಿಕ್ಷಕ ಶಿಕ್ಷಕಿಯರಿಗಾಗಿ ನಡೆದ ಎರಡು ದಿನಗಳ ಶಿಬಿರವನ್ನು ಹತ್ತಿರದಿಂದ ನೋಡುವ ಅವಕಾಶ ನನಗೆ ಒದಗಿತ್ತು. ಅಲ್ಲಿ ಉದ್ಘಾಟನೆಯ ಭಾಷಣಗಳಿರಲಿಲ್ಲ. ಬಂದವರೆಲ್ಲರೂ ಪಾದರಕ್ಷೆಗಳನ್ನು ಮರದ ಕೆಳಗೆ ಬಿಟ್ಟು ನೇರವಾಗಿ ಹೊಲಕ್ಕಿಳಿದರು. ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು ಬಂದಿದ್ದ ಕೆಲವರು ಮೊದಲು ಬದುವಿನ ಮೇಲೆಯೇ ನಿಂತರು. ಆಗ ಆ ಹಿರಿಯರು, "ಸರ, ಪುಸ್ತಕದಾಗಿನ ಮಣ್ಣು ಬ್ಯಾರೆ, ಕೈಯಾಗಿನ ಮಣ್ಣು ಬ್ಯಾರೆ. ಬರ್ರಿ, ಒಂದು ಹಿಡಿ ತಗೊಂಡು ಹಿಚಕಿ ನೋಡ್ರಿ" ಎಂದರು. ಶಿಕ್ಷಕಿಯೊಬ್ಬರು, "ಅಜ್ಜಾರ, ಹದಾ ಐತಿ ಅಂತ ಹೆಂಗ ತಿಳಿಯೋದ್ರಿ?" ಎಂದು ಕೇಳಿದರು. "ಉಂಡಿ ಕಟ್ಟಿ ಸೊಂಟದ ಎತ್ತರದಿಂದ ಕೆಳಗ ಬಿಡ್ರಿ, ಬಾಯಾರ. ಉಂಡಿ ಕಟ್ಟಲಿಲ್ಲಂದ್ರ ಒಣಗೇತಿ. ಬಿದ್ದರೂ ಉಂಡಿಯಾಗೇ ಉಳೀತಂದ್ರ ಹಸಿ ಹೆಚ್ಚಾಗೇತಿ. ಬಿದ್ದು ಪುಡಿಯಾತಂದ್ರ ಹದಾ ಬಂದೈತಿ" ಎಂಬುದು ಅವರ ಉತ್ತರ. ಹತ್ತು ನಿಮಿಷಗಳಲ್ಲಿ ಬದುವಿನ ಮೇಲೆ ನಿಂತವರೂ ಉಂಡೆ ಕಟ್ಟುತ್ತಿದ್ದರು.

ಮಣ್ಣಿನ ಎರಡನೆಯ ಪಾಠ ಬಾಟಲಿಯದು. ಗಾಜಿನ ಬಾಟಲಿಯೊಂದರಲ್ಲಿ ಮೂರನೆಯ ಒಂದು ಭಾಗ ಮಣ್ಣು ತುಂಬಿ, ನೀರು ಹಾಕಿ, ಚೆನ್ನಾಗಿ ಕುಲುಕಿ ಇಟ್ಟರು. ಒಂದೆರಡು ನಿಮಿಷಗಳೊಳಗೆ ಮರಳು ತಳಕ್ಕಿಳಿಯಿತು. ಕೆಲವು ಗಂಟೆಗಳಲ್ಲಿ ಅದರ ಮೇಲೆ ಗೋಡುಮಣ್ಣಿನ ಪದರ ಕೂತಿತು. ಮರುದಿನ ಬೆಳಿಗ್ಗೆ ಎಲ್ಲಕ್ಕೂ ಮೇಲೆ ಜೇಡಿಯ ಪದರ ಕಂಡಿತು. ಎರೆಮಣ್ಣಿನ ಬಾಟಲಿಯನ್ನೂ ಮಸಾರಿ ಮಣ್ಣಿನ ಬಾಟಲಿಯನ್ನೂ ಅಕ್ಕಪಕ್ಕದಲ್ಲಿಟ್ಟಾಗ, ಎರೆ ಏಕೆ ಬೇಸಗೆಯಲ್ಲಿ ಬಿರಿಯುತ್ತದೆ, ಮಸಾರಿ ಏಕೆ ಬೇಗ ನೀರು ಬಿಡುತ್ತದೆ ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಲಿಲ್ಲ. ವಿಜ್ಞಾನದ ಶಿಕ್ಷಕರೊಬ್ಬರು ಆ ಪದರಗಳನ್ನು ಪಟ್ಟಿಯಿಂದ ಅಳೆದು ಶೇಕಡಾ ಲೆಕ್ಕ ಮಾಡಿಕೊಂಡರು.

ಬಳಿಕ ಮಡಿ ಮಾಡುವ ಕೆಲಸ. ಎಂಟು ಮೀಟರ್ ಹಗ್ಗವನ್ನು ಕೊಟ್ಟು ಅದರಿಂದ ಸುತ್ತುವರಿದು ಮಡಿ ಗುರುತಿಸಿರೆಂದು ಹೇಳಲಾಯಿತು. ಒಂದು ಗುಂಪು ಎರಡು ಮೀಟರ್ ಉದ್ದ, ಎರಡು ಮೀಟರ್ ಅಗಲದ ಚೌಕವನ್ನು ಮಾಡಿತು. ಇನ್ನೊಂದು ಗುಂಪು ಮೂರು ಮೀಟರ್ ಉದ್ದ, ಒಂದು ಮೀಟರ್ ಅಗಲದ ಮಡಿಯನ್ನು ಮಾಡಿತು. ಸುತ್ತಳತೆ ಒಂದೇ. ಆದರೆ ಮೊದಲನೆಯದರ ವಿಸ್ತೀರ್ಣ ನಾಲ್ಕು ಚದರ ಮೀಟರ್, ಎರಡನೆಯದರದು ಮೂರೇ. ಹಾಗಾದರೆ ಚೌಕವೇ ಲಾಭವಲ್ಲವೇ ಎಂದು ಗಣಿತದ ಶಿಕ್ಷಕರು ಕೇಳಿದರು. ಹಿರಿಯರು ನಕ್ಕು, ಮಡಿಯ ಅಂಚಿನಲ್ಲಿ ಕುಳಿತು ನಡುವಿನ ಕಳೆಯನ್ನು ಕೀಳಿರೆಂದರು. ಕೈ ನಿಲುಕಲಿಲ್ಲ, ಮಡಿಯೊಳಗೆ ಕಾಲಿಡಬೇಕಾಯಿತು, ಕಾಲಿಟ್ಟರೆ ಸಡಿಲಿಸಿದ ಮಣ್ಣು ಗಟ್ಟಿಯಾಯಿತು. ಮಗುವಿನ ಕೈ ಎರಡೂ ಕಡೆಯಿಂದ ನಡುವಿನವರೆಗೆ ನಿಲುಕಬೇಕೆಂಬುದೇ ಮಡಿಯ ಅಗಲದ ಸೂತ್ರವೆಂಬುದು ಹೀಗೆ ಎಲ್ಲರಿಗೂ ಮನದಟ್ಟಾಯಿತು. ಕೈಪಿಡಿಯಲ್ಲಿ ಒಂದು ಮೀಟರ್ ಎಂದು ಬರೆದುದನ್ನು ಓದಿದವರು ಅದನ್ನು ಮರೆಯಬಹುದು. ಕೈ ನಿಲುಕದೆ ಕಷ್ಟಪಟ್ಟವರು ಮರೆಯಲಾರರು.

ಗೊಬ್ಬರದ ಗುಂಡಿಯ ಬಳಿ ಒಣಗಿದ ಎಲೆ, ಹೊಟ್ಟುಗಳು ಮೂರು ಪಾಲು, ಹಸಿ ಕಳೆ ಮತ್ತು ತರಕಾರಿಯ ಸಿಪ್ಪೆ ಒಂದು ಪಾಲು, ನಡುನಡುವೆ ಸಗಣಿಯ ಬಗ್ಗಡ ಎಂಬ ಕ್ರಮದಲ್ಲಿ ಪದರ ಹಾಕಿದರು. ಕೆಲವು ದಿನಗಳ ಹಿಂದೆ ತುಂಬಿದ ರಾಶಿಯೊಳಗೆ ಕಬ್ಬಿಣದ ಸಲಾಕೆಯನ್ನು ತೂರಿಸಿ, ಸ್ವಲ್ಪ ಹೊತ್ತಿನ ಮೇಲೆ ಹೊರತೆಗೆದು ಮುಟ್ಟಿ ನೋಡಲು ಹೇಳಿದರು. ಸಲಾಕೆ ಸುಡುತ್ತಿತ್ತು. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಎಡೆಬಿಡದೆ ದುಡಿಯುತ್ತಿರುವುದಕ್ಕೆ ಅದೇ ಸಾಕ್ಷಿ. ಹದಿನೈದು ದಿನಗಳಿಗೊಮ್ಮೆ ತಿರುವುತ್ತ ಬಂದರೆ ಮೂರು ತಿಂಗಳಲ್ಲಿ ಗೊಬ್ಬರ ಸಿದ್ಧ. ಅಡುಗೆಕೋಣೆಯ ಸಿಪ್ಪೆಯನ್ನು ರಸ್ತೆಗೆಸೆಯುವ ಶಾಲೆಯು ಗೊಬ್ಬರವನ್ನು ಹಣ ಕೊಟ್ಟು ತರುವುದು ಎಂಥ ವಿಪರ್ಯಾಸ!

ಎರಡನೆಯ ದಿನ ಬೀಜದ ಪಾಠ. ನೂರು ಬೀಜಗಳನ್ನು ಒದ್ದೆ ಬಟ್ಟೆಯಲ್ಲಿ ಹತ್ತು ಹತ್ತರ ಸಾಲಿನಲ್ಲಿಟ್ಟು ಸುತ್ತಿ, ಆರದಂತೆ ನೀರು ಚಿಮುಕಿಸುತ್ತಿದ್ದು, ಕೆಲವು ದಿನಗಳ ಮೇಲೆ ಬಿಚ್ಚಿ ಎಣಿಸಿದರೆ ಮೊಳಕೆಯ ಪ್ರಮಾಣ ತಿಳಿಯುತ್ತದೆ. ಮೊದಲೇ ಕಟ್ಟಿಟ್ಟಿದ್ದ ಬಟ್ಟೆಯನ್ನು ಬಿಚ್ಚಿದಾಗ ಎಂಬತ್ತು ಮೊಳೆತಿದ್ದವು. ಹಾಗಾದರೆ ನಲವತ್ತು ಗಿಡ ಬೇಕಾದರೆ ಐವತ್ತು ಬೀಜ ಬಿತ್ತಬೇಕು. ಐದನೆಯ ತರಗತಿಯ ಮಗುವೂ ಮಾಡಬಹುದಾದ ಲೆಕ್ಕ ಇದು. ಬೀಜವನ್ನು ಅದರ ದಪ್ಪದ ಎರಡು ಮೂರು ಪಟ್ಟು ಆಳಕ್ಕಿಂತ ಕೆಳಗೆ ಹಾಕಬಾರದು. ಹರಿವೆಯಂಥ ಸಣ್ಣ ಬೀಜವನ್ನು ಮರಳಿನೊಡನೆ ಬೆರೆಸಿ ಚೆಲ್ಲಬೇಕು. ಬದನೆ, ಟೊಮೆಟೊಗಳನ್ನು ಸಸಿಮಡಿಯಲ್ಲಿ ಬೆಳೆಸಿ 25 ರಿಂದ 30 ದಿನಗಳಾದ ಮೇಲೆ ಸಂಜೆಯ ವೇಳೆ ನಾಟಿ ಮಾಡಬೇಕು. ಇವೆಲ್ಲವನ್ನೂ ಶಿಕ್ಷಕರು ಮಾಡಿದರು, ತಪ್ಪಿದಲ್ಲಿ ಮತ್ತೆ ಮಾಡಿದರು.

ಕೀಟಗಳ ವಿಷಯ ಬಂದಾಗ ಹಿರಿಯರ ಮಾತು ಕಠಿಣವಾಯಿತು. ಶಾಲೆಯ ಆವರಣದೊಳಗೆ ವಿಷದ ಡಬ್ಬಿ ಬರಲೇಕೂಡದೆಂಬುದು ಅವರ ನಿಯಮ. ಇದಕ್ಕೆ ಬಲವಾದ ಕಾರಣವಿದೆ. 2013ರ ಜುಲೈ 16ರಂದು ಬಿಹಾರದ ಸಾರಣ್ ಜಿಲ್ಲೆಯ ಗಂಡಾಮನ್ ಗ್ರಾಮದ ಶಾಲೆಯಲ್ಲಿ ಕೀಟನಾಶಕ ಬೆರೆತ ಮಧ್ಯಾಹ್ನದ ಊಟವನ್ನುಂಡು 23 ಮಕ್ಕಳು ಅಸುನೀಗಿದರು. ಆ ದುರಂತವನ್ನು ನೆನೆದರೆ ಎಂಥವರ ಕರುಳೂ ಕಿವುಚುತ್ತದೆ. ಅವರೆ, ಚವಳಿಗಳಿಗೆ ಹೇನು ಬಿದ್ದರೆ ಒಂದು ಲೀಟರ್ ನೀರಿಗೆ 50 ಗ್ರಾಂ ಬೇವಿನ ಬೀಜದ ತಿರುಳನ್ನು ಕುಟ್ಟಿ ರಾತ್ರಿಯಿಡೀ ನೆನೆಸಿ, ಸೋಸಿ, ಸಂಜೆ ಸಿಂಪಡಿಸುವುದು ಸಾಕು. ಅದಕ್ಕೂ ಮೊದಲು, ದಿನವೂ ಬೆಳಿಗ್ಗೆ ಮಕ್ಕಳೊಡನೆ ಎಲೆಗಳ ಅಡಿಯನ್ನು ತಿರುವಿ ನೋಡುವ ಅಭ್ಯಾಸ ಬೇಕು. ಮೊಟ್ಟೆಯಿರುವಾಗಲೇ ಕಂಡ ಕೀಟವನ್ನು ಕೈಯಿಂದಲೇ ತೆಗೆಯಬಹುದು.

ಇಲ್ಲಿ ಒಂದು ಲೆಕ್ಕವನ್ನು ಮುಚ್ಚುಮರೆಯಿಲ್ಲದೆ ಮಾಡಬೇಕು. ಬಿಸಿಯೂಟದ ನಿಯಮದಂತೆ ಪ್ರಾಥಮಿಕ ತರಗತಿಯ ಪ್ರತಿ ಮಗುವಿಗೆ ದಿನಕ್ಕೆ 50 ಗ್ರಾಂ ತರಕಾರಿ ಬೇಕು. ನೂರು ಮಕ್ಕಳಿಗೆ ಐದು ಕಿಲೊ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ 'ಅರ್ಕ ಸುಗುಣ' ಎಂಬ ಹರಿವೆಯನ್ನು ಮತ್ತೆ ಮತ್ತೆ ಕೊಯ್ಯಬಹುದು. ಚೆನ್ನಾಗಿ ನೋಡಿಕೊಂಡರೆ ಮೂರು ತಿಂಗಳಲ್ಲಿ ಹೆಕ್ಟೇರಿಗೆ ಸುಮಾರು 25 ಟನ್ ಸೊಪ್ಪು ದೊರೆಯುತ್ತದೆ. ಅಂದರೆ ಚದರ ಮೀಟರಿಗೆ ಎರಡೂವರೆ ಕಿಲೊ. ಮೂರು ಚದರ ಮೀಟರಿನ ಹತ್ತು ಮಡಿಗಳಿಂದ 75 ಕಿಲೊ. ಅದೇ ಅವಧಿಯಲ್ಲಿ ಶಾಲೆ ನಡೆಯುವ ದಿನಗಳು 65 ಎಂದಿಟ್ಟುಕೊಂಡರೆ ನೂರು ಮಕ್ಕಳಿಗೆ ಬೇಕಾದುದು 325 ಕಿಲೊ. ಎಲ್ಲವೂ ಸರಿಯಾಗಿ ನಡೆದರೂ ತೋಟ ಕೊಡುವುದು ಕಾಲುಭಾಗಕ್ಕಿಂತ ಕಡಿಮೆ. ಆದುದರಿಂದ ಕೈತೋಟ ಮಾಡಿದರೆ ಸರ್ಕಾರ ತರಕಾರಿಗೆ ಹಣ ಕೊಡಬೇಕಾಗಿಲ್ಲವೆಂದು ಯಾರಾದರೂ ಭಾವಿಸಿದರೆ ಅದು ಭ್ರಮೆ. ಮಡಿಗಳ ಮಗ್ಗುಲಲ್ಲಿ ನುಗ್ಗೆ, ಕರಿಬೇವು, ಪಪ್ಪಾಯಿಗಳಿದ್ದರೆ ಸಾರಿನ ಸತ್ವ ಹೆಚ್ಚೀತು, ದಿಟ. ಆದರೂ ತೋಟದ ಮುಖ್ಯ ಫಲ ಬೇರೆಯಾದುದು. ತಾನೇ ಬಿತ್ತಿದ ಸೊಪ್ಪನ್ನು ಮಗು ತಟ್ಟೆಯ ಬದಿಗೆ ತಳ್ಳುವುದಿಲ್ಲ. ಒಂದು ಹಿಡಿ ಸೊಪ್ಪಿನ ಹಿಂದೆ ಎಷ್ಟು ದಿನಗಳ ದುಡಿಮೆಯಿದೆಯೆಂದು ಅರಿತ ಮಗು ಅನ್ನವನ್ನು ಚೆಲ್ಲುವುದಿಲ್ಲ. ರೈತನ ಮಗನಿಗೆ ತನ್ನ ತಂದೆ ಬಲ್ಲುದೂ ವಿದ್ಯೆಯೇ ಎಂದು ಶಾಲೆಯಲ್ಲಿಯೇ ಮೊದಲ ಬಾರಿಗೆ ತಿಳಿಯುತ್ತದೆ.

ನೀರಿನ ಲೆಕ್ಕವೂ ಹೀಗೆಯೇ. ಮಳೆಯಿಲ್ಲದ ದಿನಗಳಲ್ಲಿ ಚದರ ಮೀಟರಿಗೆ ಸುಮಾರು ಐದು ಲೀಟರ್ ನೀರು ಬೇಕಾಗುತ್ತದೆ. ಹತ್ತು ಮಡಿಗಳಿಗೆ ನೂರೈವತ್ತು ಲೀಟರ್. ಊಟದ ಮೊದಲು ನೂರು ಮಕ್ಕಳು ಅರ್ಧರ್ಧ ಲೀಟರಿನಲ್ಲಿ ಕೈ ತೊಳೆದರೆ ಐವತ್ತು ಲೀಟರ್ ನೀರು ದೊರೆಯುತ್ತದೆ. ಅಕ್ಕಿ, ಬೇಳೆ ತೊಳೆದ ನೀರನ್ನು ಮಡಿಗಳಿಗೂ, ಸಾಬೂನು ಬೆರೆತ ನೀರನ್ನು ಜಲ್ಲಿ ಮರಳಿನ ಗುಂಡಿಯ ಮೂಲಕ ಬಾಳೆ, ಪಪ್ಪಾಯಿಗಳ ಬುಡಕ್ಕೂ ಹಾಯಿಸಬೇಕು. ಒಣ ಎಲೆಯನ್ನು ಮಡಿಗೆ ಹೊದಿಸಿದರೆ ತೇವ ಬೇಗ ಆರುವುದಿಲ್ಲ.

ಇನ್ನು ಅತ್ಯಂತ ಗಂಭೀರವಾದ ಮಾತು. ಕೆಲವು ಶಾಲೆಗಳಲ್ಲಿ ಮನೆಪಾಠ ಬರೆಯದ ಹುಡುಗನಿಗೆ ಕಳೆ ಕೀಳುವ ಶಿಕ್ಷೆ ಕೊಡುವುದುಂಟು. ಕಸ ಗುಡಿಸುವುದು ಹೆಣ್ಣುಮಕ್ಕಳಿಗೆ, ಗೊಬ್ಬರ ಹೊರುವುದು ಇಂಥ ಕೇರಿಯ ಮಕ್ಕಳಿಗೆ ಎಂದು ಬಾಯಿಬಿಟ್ಟು ಹೇಳದೆಯೇ ಹಂಚಿಕೆಯಾಗುವುದೂ ಉಂಟು. ಹೀಗಾದಲ್ಲಿ ತೋಟವು ದುಡಿಮೆಯ ಗೌರವವನ್ನು ಕಲಿಸುವ ಬದಲು ದುಡಿಮೆಯ ಅವಮಾನವನ್ನು ಕಲಿಸುತ್ತದೆ. ಅಂಥ ತೋಟ ಹಸಿರಾಗಿದ್ದರೂ ಒಣಗಿದಂತೆಯೇ. "ನಮ್ಮ ಮಕ್ಕಳನ್ನು ಮಣ್ಣು ಹೊರಲು ಶಾಲೆಗೆ ಕಳುಹಿಸಿಲ್ಲ" ಎಂದು ತಂದೆತಾಯಿಗಳು ಹೇಳುವ ಮಾತಿನ ಹಿಂದೆ ಈ ನೋವು ಅಡಗಿರುತ್ತದೆ. ಅದನ್ನು ಅಹಂಕಾರವೆಂದು ತಳ್ಳಿಹಾಕಲಾಗದು. ತಲೆಮಾರುಗಳಿಂದ ಬಲವಂತವಾಗಿ ಮಣ್ಣು ಹೊತ್ತವರು ತಮ್ಮ ಮಗು ಪುಸ್ತಕ ಹಿಡಿಯಲೆಂದು ಬಯಸುವುದು ಸಹಜ, ನ್ಯಾಯ.

ಇದಕ್ಕೆ ಉತ್ತರ ಕೊಡಬಲ್ಲವರು ಶಿಕ್ಷಕರೊಬ್ಬರೇ. ಆ ಶಿಬಿರದಲ್ಲಿ ಇದಕ್ಕೊಂದು ಸರಳ ವ್ಯವಸ್ಥೆಯನ್ನು ಅಭ್ಯಾಸ ಮಾಡಿಸಿದರು. ನಲವತ್ತು ಮಕ್ಕಳ ತರಗತಿಯಾದರೆ ಎಂಟೆಂಟು ಮಕ್ಕಳ ಐದು ಗುಂಪುಗಳು. ನೀರೆರೆಯುವುದು, ಕಳೆ ತೆಗೆಯುವುದು, ಗೊಬ್ಬರದ ಗುಂಡಿ, ಉಪಕರಣಗಳ ಪಾಲನೆ, ದಿನಚರಿ ಬರೆಯುವುದು ಎಂಬ ಐದು ಕೆಲಸಗಳು. ವಾರಕ್ಕೊಮ್ಮೆ ಕೆಲಸ ಬದಲಾಗಬೇಕು. ಐದು ವಾರಗಳಲ್ಲಿ ಪ್ರತಿ ಮಗುವೂ ಪ್ರತಿ ಕೆಲಸವನ್ನೂ ಮಾಡಿರುತ್ತದೆ. ಹುಡುಗ ಕಸ ಗುಡಿಸಿರುತ್ತಾನೆ, ಹುಡುಗಿ ಗುದ್ದಲಿ ಹಿಡಿದಿರುತ್ತಾಳೆ, ಎಲ್ಲ ಕೇರಿಗಳ ಮಕ್ಕಳೂ ಗೊಬ್ಬರ ಹೊತ್ತಿರುತ್ತಾರೆ, ಎಲ್ಲರೂ ಲೆಕ್ಕ ಬರೆದಿರುತ್ತಾರೆ. ಶಿಕ್ಷೆಗಾಗಿ ತೋಟದ ಕೆಲಸ ಕೊಡುವುದು ಸಂಪೂರ್ಣ ನಿಷಿದ್ಧ. ಮತ್ತು ಗುರುಗಳು ನೆರಳಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿರುವಂತಿಲ್ಲ. ಶಿಕ್ಷಕರು ತಾವೇ ಗೊಬ್ಬರದ ಬುಟ್ಟಿ ಎತ್ತಿದಾಗ ಆ ಕೆಲಸದ ಮೇಲಿನ ಕಳಂಕ ಅಂದೇ ಅಳಿಯುತ್ತದೆ. ಇದನ್ನು ಯಾವ ಸುತ್ತೋಲೆಯೂ ಸಾಧಿಸಲಾರದು. ತೋಟದಲ್ಲಿ ಎರಡು ದಿನ ಬುಟ್ಟಿ ಹೊತ್ತು ಬಂದ ಶಿಕ್ಷಕರಿಗೆ ಮಾತ್ರ ಅದು ಸಂಕೋಚವಿಲ್ಲದೆ ಸಾಧ್ಯ. ತರಬೇತಿಯನ್ನು ತೋಟದಲ್ಲಿಯೇ ಕೊಡಬೇಕೆಂದು ನಾವು ಒತ್ತಿ ಹೇಳುವುದು ಮುಖ್ಯವಾಗಿ ಇದಕ್ಕಾಗಿ.

ಕೊನೆಯದಾಗಿ, ಬೇಸಗೆಯ ರಜೆಯ ಸಮಸ್ಯೆ. ಏಪ್ರಿಲ್ ಎರಡನೆಯ ವಾರದಿಂದ ಮೇ ಕೊನೆಯವರೆಗೆ ಶಾಲೆಗೆ ಬೀಗ ಬೀಳುತ್ತದೆ. ತೋಟಗಳು ಸಾಯುವುದು ಬಹುತೇಕ ಆಗಲೇ. ಅನುಭವಿ ರೈತರು ಇದಕ್ಕೆ ಹೇಳುವ ಉಪಾಯ ಮಕ್ಕಳ ಪರೀಕ್ಷೆಯ ವೇಳಾಪಟ್ಟಿಯಂತೆಯೇ ತೋಟಕ್ಕೂ ಒಂದು ವೇಳಾಪಟ್ಟಿ ಮಾಡುವುದು. ಜೂನ್, ಜುಲೈನಲ್ಲಿ ಬೆಂಡೆ, ಚವಳಿ, ಹೀರೆ, ಸೋರೆ. ದಸರಾ ರಜೆ ಮುಗಿದ ಮೇಲೆ ಮೂಲಂಗಿ, ಪಾಲಕ್, ಮೆಂತ್ಯ, ಟೊಮೆಟೊ. ಫೆಬ್ರವರಿಯಲ್ಲಿ ಒಳ್ಳೆಯ ಗಿಡಗಳ ಕೆಲವು ಕಾಯಿಗಳನ್ನು ಕೊಯ್ಯದೆ ಬಲಿಯಲು ಬಿಟ್ಟು, ಮಾರ್ಚಿನಲ್ಲಿ ಬೀಜ ಒಕ್ಕಿ, ಒಣಗಿಸಿ, ಬೂದಿ ಬೆರೆಸಿ ಮಡಕೆಯಲ್ಲಿ ಕಾದಿಡುವುದು. ಏಪ್ರಿಲ್ ಹೊತ್ತಿಗೆ ಮಡಿಗಳನ್ನು ಬರಿದುಮಾಡಿ ಗೊಬ್ಬರ ಹರಡಿ ಎಲೆಯ ಹೊದಿಕೆ ಹಾಕಿ ಮಲಗಿಸಿಬಿಡುವುದು. ನುಗ್ಗೆ, ಕರಿಬೇವಿನಂಥ ಬಹುಕಾಲದ ಗಿಡಗಳ ಬುಡದಲ್ಲಿ ಒಂದೊಂದು ಮಣ್ಣಿನ ಮಡಕೆಯನ್ನು ಕುತ್ತಿಗೆಯವರೆಗೆ ಹೂತು, ಅದರಲ್ಲಿ ನೀರು ತುಂಬಿ ಬಾಯಿ ಮುಚ್ಚಿದರೆ ನೀರು ಮೆಲ್ಲಮೆಲ್ಲನೆ ಜಿನುಗಿ ಬೇರಿಗೆ ಸಿಗುತ್ತದೆ. ಕೆಲವು ದಿನಗಳಿಗೊಮ್ಮೆ ಊರವರಲ್ಲಿ ಯಾರಾದರೊಬ್ಬರು ಆ ಮಡಕೆಗಳನ್ನು ತುಂಬಿದರೆ ಗಿಡಗಳು ಬದುಕುತ್ತವೆ. ರಜೆಯಲ್ಲಿ ಒಣಗಿದ ತೋಟಕ್ಕೂ ರಜೆಗೆಂದು ಮಲಗಿಸಿದ ತೋಟಕ್ಕೂ ಎಷ್ಟೋ ಅಂತರವಿದೆ. ಮೊದಲನೆಯದು ಜೂನ್‌ನಲ್ಲಿ ಶೂನ್ಯದಿಂದ ಆರಂಭವಾಗಬೇಕು. ಎರಡನೆಯದು ತನ್ನದೇ ಬೀಜ, ತನ್ನದೇ ಗೊಬ್ಬರದಿಂದ ಏಳುತ್ತದೆ.

ವಾಚಕ ಬಂಧುಗಳೇ, ಇದರಲ್ಲಿ ನಮ್ಮ ಮನೆಗಳ ಪಾಲೇನು? ನಿಮ್ಮಲ್ಲಿ ತೋಟವಿದ್ದವರು ವರ್ಷದಲ್ಲಿ ಎರಡು ದಿನ ಅದರ ಬಾಗಿಲನ್ನು ನಿಮ್ಮೂರ ಶಿಕ್ಷಕರಿಗೆ ತೆರೆಯಿರಿ. ಅವರಿಗೆ ಉಪದೇಶ ಬೇಡ. ಒಂದು ಗುದ್ದಲಿ, ಒಂದು ಬುಟ್ಟಿ, ಮಧ್ಯಾಹ್ನಕ್ಕೊಂದು ರೊಟ್ಟಿಯ ಊಟ ಸಾಕು. ಮನೆಯಲ್ಲಿ ಹಳೆಯ ತಳಿಯ ಅವರೆ, ಬದನೆ, ಪುಂಡಿಯ ಬೀಜ ಕಾದಿಟ್ಟ ಅಜ್ಜಿಯರಿದ್ದರೆ ಒಂದು ಹಿಡಿಯನ್ನು ಶಾಲೆಗೆ ಕೊಡಿಸಿರಿ. ಸಾಧ್ಯವಾದರೆ ಆ ಅಜ್ಜಿಯನ್ನೇ ಶಾಲೆಗೆ ಕರೆದೊಯ್ಯಿರಿ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ ಇರುವವರು, ನಮ್ಮ ಶಿಕ್ಷಕರನ್ನು ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಕಳುಹಿಸಲು ಯೋಜನೆಯಿದೆಯೇ ಎಂದು ಮುಂದಿನ ಸಭೆಯಲ್ಲಿ ಕೇಳಿರಿ. ಶಾಲೆ ಕಾಲೇಜುಗಳನ್ನು ನಡೆಸುವ ಮಠಗಳ ಹಾಗೂ ಸಂಸ್ಥೆಗಳ ಹಿರಿಯರು, ಶಿಕ್ಷಕರ ನೇಮಕದ ಮೊದಲ ವರ್ಷದಲ್ಲಿಯೇ ತೋಟದ ತರಬೇತಿಯನ್ನು ಸೇರಿಸುವ ಬಗ್ಗೆ ಆಲೋಚಿಸಬಹುದು. ಶಿಕ್ಷಕರು ವರ್ಗವಾಗಿ ಹೋಗುವ ಶಾಲೆಗಳಲ್ಲಿ ಒಬ್ಬರಿಗೆ ಬದಲು ಇಬ್ಬರನ್ನಾದರೂ ತಯಾರು ಮಾಡಿದರೆ ತೋಟ ಅನಾಥವಾಗದು.

ಮಗುವನ್ನು ಕಂಡು, "ಇಂದು ಶಾಲೆಯಲ್ಲಿ ಏನು ಕಲಿತೆ?" ಎಂದು ನಾವು ಕೇಳುತ್ತೇವೆ. ಅದು ಉಗುರುಗಳ ಸಂದಿನಲ್ಲಿ ಮಣ್ಣು ಮೆತ್ತಿಕೊಂಡು ಮನೆಗೆ ಬಂದ ದಿನ ಗದರಿಸಬೇಡಿರಿ. ಕೈ ತೊಳೆಸಿ, ಬಳಿ ಕೂರಿಸಿಕೊಂಡು, "ಇಂದು ಏನು ಬಿತ್ತಿದೆ?" ಎಂದು ಕೇಳಿರಿ. ಗುರುವಿನ ಕೈಗೆ ಮಣ್ಣು ತಾಗಿದ ಶಾಲೆಯ ಮಗುವಾದರೆ ಅದಕ್ಕೆ ಹೇಳಲು ಬಹಳವಿರುತ್ತದೆ. ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆಯನ್ನು ಕಪ್ಪುಹಲಗೆಯ ಮೇಲೆ ಬರೆಯಿಸಿದ ಗುರುಗಳು ಅನೇಕರು. ಅದನ್ನು ಮಕ್ಕಳೊಡನೆ ನೆಲದ ಮೇಲೆ ಮಾಡಿ ತೋರುವ ಗುರುಗಳು ಊರೂರಿನಲ್ಲಿ ಹೆಚ್ಚಲಿ ಎಂದು ಹಾರೈಸುತ್ತೇನೆ.